ಕೆಪ್ಪಬ್ಬಿಗೆ ಬಂದ ನೀರು

ಮಾಬ್ಲೇಶ್ವರನ ಸುಳ್ಳು ಶುರುವಿನಲ್ಲಿ ಸಣ್ಣದೇ ಇತ್ತು, ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು.

ಶನಿವಾರ ಮಧ್ಯಾಹ್ನ, ಕುಮಟೆಯ ಸೊಸೈಟಿಯಲ್ಲಿ ಗಿರಾಕಿಗಳು ಖಾಲಿಯಾಗಿ ಫ್ಯಾನಿನ ಕಿರಿಕಿರಿ ಕಿವಿಗೆ ಬೀಳತೊಡಗಿದಾಗ, ಹೊಸ ಮ್ಯಾನೇಜರು ಮಾಲಿನಿ ಮೇಡಂ ಇಬ್ಬರು ಗುಮಾಸ್ತರನ್ನು ಒಳಗೆ ಕರೆದರು. ಒಬ್ಬ ಮಾಬ್ಲೇಶ್ವರ, ಇನ್ನೊಬ್ಬ ಧಾರೇಶ್ವರದ ಉಮೇಶ. ಭಟ್ಕಳದ ಶಾಖೆಗೆ ಒಬ್ಬರು ಬೇಕಾಗಿದೆ, ನಿಮ್ಮಿಬ್ಬರಲ್ಲಿ ಒಬ್ಬರು ಹೋಗಬೇಕು, ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಬಾಗಿಲು ತೆರೆಯಬೇಕು ಎಂದರು.

ಮಾಬ್ಲೇಶ್ವರನ ಮನೆ ಮಿರ್ಜಾನದಿಂದ ಒಳಗೆ, ಗುಡ್ಡದ ಬುಡದ ಕೇರಿಯಲ್ಲಿ. ಅಲ್ಲಿಂದ ಹೆದ್ದಾರಿಗೆ ನಡೆದು, ಕುಮಟೆಗೆ ಬಂದು, ಇನ್ನೊಂದು ಬಸ್ಸು ಹಿಡಿದು, ಹೊನ್ನಾವರ ದಾಟಿ ಭಟ್ಕಳ ಮುಟ್ಟುವುದೆಂದರೆ ಕೋಳಿಯನ್ನು ಇವನೇ ಎಬ್ಬಿಸಿ ಹೊರಡಬೇಕು.

"ನನ್ನ ಅಮ್ಮಂಗೆ ಕಾಲು ಬರೂದಿಲ್ಲ ಮೇಡಂ," ಎಂದು ಉಮೇಶ ಕೇಳುವ ಮೊದಲೇ ಹೇಳಿಬಿಟ್ಟ. "ಬೆಳಿಗ್ಗೆ ಎಬ್ಬಿಸಿ ಕೂರಿಸೂಕೆ ನಾನೇ ಆಗ್ಬೇಕು."

ಮಾಬ್ಲೇಶ್ವರನಿಗೆ ಸಿಟ್ಟು ನೆತ್ತಿಗೇರಿತು. ಹೋದ ವಾರವಷ್ಟೇ ಆ ಅಮ್ಮ ಕುಮಟೆಯ ಸಂತೆಯಲ್ಲಿ ಬಂಗಡೆ ಮಾರುವವಳ ಸಂಗಡ ಜಗಳಕ್ಕೆ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಿಂತದ್ದಷ್ಟೇ ಅಲ್ಲ, ಬುಟ್ಟಿಯ ಸುತ್ತ ಒಂದು ಪ್ರದಕ್ಷಿಣೆಯೂ ಬಂದಿದ್ದಳು. ಆದರೆ ಹೇಳುವಂತಿಲ್ಲ. ಅವನ ಸ್ವಂತ ತಾಯಿ ತೀರಿಕೊಂಡು ವರ್ಷಗಳಾಗಿದ್ದರಿಂದ ಆ ದಾರಿ ಅವನಿಗೆ ಮುಚ್ಚಿತ್ತು. ಏನಾದರೊಂದು ಹೇಳಲೇಬೇಕು. ಬಾಯಿಗೆ ಬಂದದ್ದು ನೀರು.

"ನಮ್ಮನೇಲಿ ನೀರಿಲ್ಲ ಮೇಡಂ. ಬಾವಿ ತೋಡಿದ್ರೆ ಬರೀ ಕಲ್ಲು. ದಿನಾ ಬೆಳಿಗ್ಗೆ ಗುಡ್ಡದ ಅಬ್ಬಿಯಿಂದ ಕೊಡದಲ್ಲಿ ಹೊತ್ತು ತರೂದು ನಾನು. ಹೆಂಡ್ತಿಗೆ ಸೊಂಟ ನೋವು. ನೀರು ಹೊತ್ತು ಮುಗಿಯೂಕೇ ಎಂಟು ಗಂಟೆ ಆಗ್ತದೆ."

ಬಾವಿಯಲ್ಲಿ ಕಲ್ಲು ಸಿಕ್ಕಿದ್ದು ನಿಜ. ಗುಡ್ಡದಲ್ಲಿ ಅಬ್ಬಿ, ಅಂದರೆ ಜಲಪಾತ, ಇದ್ದದ್ದೂ ನಿಜ. ಉಳಿದದ್ದಷ್ಟೂ ಸುಳ್ಳು. ಆ ಕೇರಿಯ ಎಲ್ಲ ಮನೆಗಳಂತೆ ಅವನ ಮನೆಗೂ ಅಬ್ಬಿಯ ತಲೆಯ ಮೇಲಿನ ಗುಂಡಿಯಿಂದ ಕಪ್ಪು ಪೈಪಿನಲ್ಲಿ ನೀರು ತಾನಾಗಿ ಇಳಿದು, ಬಚ್ಚಲ ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತಿತ್ತು. ಅವನು ಜನ್ಮದಲ್ಲಿ ಕೊಡ ಎತ್ತಿದವನಲ್ಲ.

ಮೇಡಂ ಗದಗಿನ ಕಡೆಯವರು. ಕುಮಟೆಗೆ ಬಂದಂದಿನಿಂದ ಕಂಡದ್ದನ್ನೆಲ್ಲ ಕೇಳುವುದೇ ಅವರ ಕೆಲಸವಾಗಿತ್ತು. ಒಣಮೀನು ಯಾಕೆ ಹೀಗೆ ನಾರುತ್ತದೆ, ರೈಲು ಗುಡ್ಡದೊಳಗೆ ಹೊಕ್ಕಾಗ ಒಳಗಿದ್ದವರು ಏನು ಮಾಡುತ್ತಾರೆ, ಕುಚ್ಚಲಕ್ಕಿಗೆ ಹೊಟ್ಟೆ ಯಾಕೆ ದಪ್ಪ. ಈಗ ಅವರ ಕಣ್ಣು ಅರಳಿತು.

"ಜಲಪಾತದ ನೀರು ತರ್ತೀರಿ? ದಿನಾ? ಕೊಡದಾಗ?" ಎಂದರು. "ಅದನ್ನ ನಾ ನೋಡ್ಬೇಕಲ್ರೀ. ನಾಳೆ ರವಿವಾರ, ಬರ್ತೀನಿ. ಭಟ್ಕಳದ ಆರ್ಡರ್ ಸೋಮವಾರ ಕೊಡೋಣಂತ."

"ನಾನೂ ಬರ್ತೆ ಮೇಡಂ," ಎಂದ ಉಮೇಶ. ಅವನ ಮುಖ ಒಲೆಯ ಪಕ್ಕ ಮೀನು ಕಾಯುವ ಬೆಕ್ಕಿನ ಮುಖದಂತಿತ್ತು.

ಭಾನುವಾರ ಬೆಳಕು ಹರಿಯುವ ಮೊದಲೇ ಮಾಬ್ಲೇಶ್ವರ ಗುಡ್ಡ ಹತ್ತಿದ. ಆ ಅಬ್ಬಿಗೆ ಹಿಂದಿನವರು ಕೆಪ್ಪಬ್ಬಿ ಎಂದು ಹೆಸರಿಟ್ಟಿದ್ದರು. ಅದರ ಹತ್ತಿರ ನಿಂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ಅದಕ್ಕೆ. ಮಳೆಗಾಲದಲ್ಲಿ ಅದು ಈಗಲೂ ಹಾಗೆಯೇ. ಆದರೆ ಪೈಪುಗಳು ಬಂದ ಮೇಲೆ ದೀಪಾವಳಿ ಕಳೆಯುತ್ತಲೇ ಕೇರಿಯವರು ತಲೆಯ ಗುಂಡಿಗೆ ಕಲ್ಲುಮಣ್ಣಿನ ಒಡ್ಡು ಹಾಕಿ ನೀರನ್ನು ಮನೆಮನೆಗೆ ಹಂಚಿಕೊಂಡುಬಿಡುತ್ತಿದ್ದರು. ಡಿಸೆಂಬರಿನ ಕೆಪ್ಪಬ್ಬಿಯನ್ನು ಮಾಬ್ಲೇಶ್ವರ ನೋಡಿದ್ದೇ ಇಲ್ಲ. ನೋಡಲು ಏನಿದೆ ಎಂದು ಹೋಗಿಯೇ ಇರಲಿಲ್ಲ.

ಈಗ ನೋಡಿದ. ಎರಡು ತೆಂಗಿನಮರದೆತ್ತರದ ಕರಿಬಂಡೆ ಒಣಗಿ ನಿಂತಿತ್ತು. ಅದರ ನಡುವೆ ಒಂದು ಒದ್ದೆ ಗೆರೆ, ನಿದ್ದೆ ಮಾಡುವ ಕೂಸಿನ ಜೊಲ್ಲಿನಷ್ಟು. ಕೆಳಗೆ ಒಂದು ಕಪ್ಪೆ ಆ ತೇವದಲ್ಲಿ ಕೂತು, ಇವನ್ಯಾರು ಎಂಬಂತೆ ನೋಡಿತು.

ಇಲ್ಲಿಂದ ದಿನಾ ನೀರು ಹೊರುತ್ತೇನೆ ಎಂದರೆ ಕಪ್ಪೆಯೂ ನಂಬುವುದಿಲ್ಲ.

ಮೊದಲು ತನ್ನ ಪೈಪು ಕಿತ್ತ. ಪೈಪುಗಳೆಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಅದಕ್ಕೇ ಪ್ರತಿ ಮನೆಯವರೂ ತಮ್ಮ ಪೈಪಿನ ಬಾಯಿಗೆ ಗುರುತಿನ ಬಟ್ಟೆ ಕಟ್ಟುವುದು ಅಲ್ಲಿಯ ರೂಢಿ. ದೇವಪ್ಪನದಕ್ಕೆ ಹಸಿರು ಟವೆಲಿನ ತುಂಡು, ಮುದುಕಿ ಗಣಪಿಯದಕ್ಕೆ ಕೆಂಪು ಸೀರೆಯ ಸೆರಗು, ಮಾಬ್ಲೇಶ್ವರನದಕ್ಕೆ ಹರಿದುಹೋದ ಒಂದು ಅಂಗಿಯ ತೋಳು. ತನ್ನ ಪೈಪನ್ನು ಎಳೆದು ಸುತ್ತಿ, ಒಂದು ಪೊದೆಯೊಳಗೆ ತುರುಕಿ, ಕೇರಿಗೆ ಇಳಿದು ಪಕ್ಕದ ಮನೆಯ ದೇವಪ್ಪನ ಅಂಗಳದಲ್ಲಿ ನಿಂತ.

"ದೇವಪ್ಪಣ್ಣ, ಒಂದು ಅರ್ಧ ದಿನ ಪೈಪು ತೆಗಿಬೇಕು ಮಾರಾಯ. ನಮ್ಮ ಮ್ಯಾನೇಜರು ಅಬ್ಬಿ ನೋಡೂಕೆ ಬರ್ತ್ರು."

ದೇವಪ್ಪ ಹಲ್ಲುಜ್ಜುತ್ತಿದ್ದ. ನಿಧಾನಕ್ಕೆ ಉಗಿದು, "ಅಬ್ಬಿ ನೋಡೂಕೆ ಈಗ ಬರೂದೇ? ಆಷಾಢದಲ್ಲಿ ಬರೂಕೆ ಹೇಳು," ಎಂದ.

"ಆಷಾಢದವರೆಗೆ ನಾನು ಭಟ್ಕಳದಲ್ಲಿ ಇರ್ತೆ."

"ಅದು ನಿನ್ನ ಹಣೆಬರ. ನನ್ನ ಎಮ್ಮೆಗೆ ಮೀಸೂದು ಯಾರು? ಮೊದಲು ಗಣಪಕ್ಕಂಗೆ ತೆಗಿಯೂಕೆ ಹೇಳು. ಎಲ್ಲರಿಗಿಂತ ಕೆಳಗೆ ಬಾಯಿ ಇಟ್ಟು ನೀರು ಎಳೀತಿದ್ದವಳು ಅವಳು."

ಗಣಪಿ ಬಸಳೆ ಚಪ್ಪರದ ಕೆಳಗಿದ್ದಳು. ಮಾತು ಮುಗಿಯುವ ಮೊದಲೇ ಕತ್ತಿ ಎತ್ತಿದಳು. ಇವನಿಗಲ್ಲ, ಬಸಳೆಗೆ. "ದೇವಪ್ಪ ಹಂಗೆ ಹೇಳ್ದನೇ? ಅವನ ಪೈಪಿನ ಬಾಯಿಗೆ ನನ್ನ ತಲೆ ಹಿಡಿತದೆ, ಅಷ್ಟು ಅಗಲ. ಅವ ತೆಗಿಲಿ, ಆಮೇಲೆ ನಾನು. ಆತಾ? ಮತ್ತೆ ನಿನ್ನ ಮ್ಯಾನೇಜರಿಗೆ ನೀರೇ ನೋಡೂದಾದ್ರೆ ಸಮುದ್ರ ಉಂಟಲ್ಲ ತಮಾ. ಅಷ್ಟು ದೊಡ್ಡದು ಅಲ್ಲೇ ಬಿದ್ಕಂಡದೆ."

ಹೀಗೆ ಕೇರಿಯ ತುದಿಯವರೆಗೂ ಹೋಗಿ ಬಂದ. ಒಬ್ಬರು ಇನ್ನೊಬ್ಬರ ಮನೆ ತೋರಿಸಿದರು, ಇನ್ನೊಬ್ಬರು ಮತ್ತೊಬ್ಬರ ಮನೆ ತೋರಿಸಿದರು, ಕೊನೆಯವರು ಮತ್ತೆ ದೇವಪ್ಪನನ್ನು ತೋರಿಸಿದರು. ಬಿಸಿಲು ಏರಿತು. ದೇವಪ್ಪ ಈಗ ಎಮ್ಮೆ ತೊಳೆಯುತ್ತಿದ್ದ. ಪೈಪಿನಿಂದ ನೀರು ಎಮ್ಮೆಯ ಬೆನ್ನ ಮೇಲೆ ಧಾರೆಧಾರೆಯಾಗಿ ಸುರಿಯುತ್ತಿತ್ತು. ಎಮ್ಮೆ ಕಣ್ಣು ಮುಚ್ಚಿ ಸುಖಪಡುತ್ತಿತ್ತು. ಆ ಸುಖ ನೋಡಿ ಮಾಬ್ಲೇಶ್ವರನ ತಲೆ ಕೆಟ್ಟಿತು.

"ಮೀಸು, ಮೀಸು," ಎಂದ. "ಇವತ್ತೊಂದು ದಿನ ಮೀಸು. ಹತ್ತು ಗಂಟೆಗೆ ಫಾರೆಸ್ಟಿನವರು ಬರ್ತ್ರು. ದೊಡ್ಡ ಅಮ್ಮೋರೇ ಬರೂದು. ಪೈಪು ಕಂಡ್ರೆ ಕೊಯ್ದು ಗಾಡಿ ಮೇಲೆ ಹಾಕ್ಕಂಡು ಹೋಗ್ತ್ರು. ನಿಮಗೆ ಹೆದರಿಕೆ ಆಗೂದು ಬ್ಯಾಡ ಅಂದೇಳಿ ಮ್ಯಾನೇಜರು ಅಂದೆ ನಾನು. ನನ್ನ ಪೈಪು ನಾನು ಆಗಲೇ ಕಿತ್ತಾತು."

ದೇವಪ್ಪನ ಕೈಯಿಂದ ಪೈಪು ಜಾರಿತು. ಎಮ್ಮೆ ಕಣ್ಣು ತೆರೆಯಿತು.

ಬೆಳಗಿನಿಂದ ಬೇಡಿದರೂ ಅಲುಗದಿದ್ದ ಕೇರಿ ಬೆಂಕಿ ಬಿದ್ದ ಇರುವೆ ಗೂಡಿನಂತಾಯಿತು. ಗಂಡಸರು ಹೆಂಗಸರು ಗುಡ್ಡಕ್ಕೆ ಓಡಿದರು. ದೇವಪ್ಪನ ಹಿಂದೆ ಗಣಪಿ, ಗಣಪಿಯನ್ನು ದಾಟಿ ಇನ್ನೊಬ್ಬರು. ಯಾರೂ ಯಾರ ಮನೆಯನ್ನೂ ತೋರಿಸಲಿಲ್ಲ. ಗಣಪಿಯಂತೂ ಪೈಪು ಎಳೆದದ್ದಲ್ಲದೆ, ಒಡ್ಡು ಕಂಡರೂ ಕೇಸು ಹಾಕುತ್ತಾರೆ ಎಂದು ತಾನೇ ಹಾರೆಯಿಂದ ಅದಕ್ಕೊಂದು ಬಾಯಿ ಮಾಡಿದಳು. ಮಾಬ್ಲೇಶ್ವರನಿಗೆ ಅದನ್ನೆಲ್ಲ ನಿಂತು ನೋಡುವಷ್ಟು ಪುರುಸೊತ್ತಿರಲಿಲ್ಲ. ಮನೆಗೆ ಓಡಿ ಹೆಂಡತಿ ಸರೋಜಾಳಿಗೆ, "ನಿಂಗೆ ಸೊಂಟ ನೋವು, ನೆನಪಿರ್ಲಿ," ಎಂದು ಹೇಳಿ, ಅಟ್ಟದ ಮೇಲಿದ್ದ ಸ್ಟೀಲಿನ ಕೊಡ ಇಳಿಸಿಕೊಂಡು ಹೆದ್ದಾರಿಗೆ ಹೊರಟ.

"ಎಡಕ್ಕೋ ಬಲಕ್ಕೋ?" ಎಂದು ಸರೋಜಾ ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಮೇಡಂ ಕಾರಿನಲ್ಲಿ ಬಂದರು. ಹಿಂದೆಯೇ ಬೈಕಿನಲ್ಲಿ ಉಮೇಶ. ಗಾಡಿಗಳನ್ನು ಕೇರಿಯ ಮುಖಕ್ಕೆ ನಿಲ್ಲಿಸಿ ಕಾಡಿನ ದಾರಿ ಹಿಡಿದರು. ಮೇಡಂ ಹೆಜ್ಜೆಗೊಮ್ಮೆ ನಿಂತರು. ಈ ಬಳ್ಳಿ ಯಾವುದು, ಈ ಹುತ್ತ ಯಾಕೆ ಕೆಂಪು, ಈ ಹಕ್ಕಿ ಯಾರನ್ನು ಬೈಯುತ್ತಿದೆ. ಮಾಬ್ಲೇಶ್ವರ ಗೊತ್ತಿದ್ದಕ್ಕೂ ಗೊತ್ತಿಲ್ಲದ್ದಕ್ಕೂ ಉತ್ತರ ಕೊಟ್ಟ. ಉಮೇಶನ ಕಣ್ಣು ಮಾತ್ರ ಕೊಡದ ಮೇಲಿತ್ತು.

"ದಿನಾ ಇದೇ ಕೊಡದಲ್ಲೇ ಹೊರೂದಾ?"

"ಮತ್ತೆಂತ ಬಿಂದಿಗೆ ಮೆರವಣಿಗೆ ಮಾಡ್ತ್ರಾ? ಇದೇ."

"ಅಲ್ಲ, ಅಂಗಡಿ ಸ್ಟಿಕರು ಹಂಗೇ ಉಂಟು. ಇಷ್ಟು ವರ್ಷ ನೀರು ಬಿದ್ರೂ ಹೋಗಲಿಲ್ಲ ಅಂದೇಳಿ ಕೇಳ್ದೆ. ಒಳ್ಳೆ ಗೋಂದು."

ಮಾಬ್ಲೇಶ್ವರ ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಸದ್ದು ಕೇಳಿತು.

ಮೊದಲು ದೂರದಲ್ಲಿ ರೈಲು ಹೋದ ಹಾಗೆ. ಆದರೆ ರೈಲಾದರೆ ಹೋಗಿ ಮುಗಿಯಬೇಕು, ಇದು ಮುಗಿಯಲಿಲ್ಲ. ತಿರುವು ದಾಟಿದಾಗ ಮೂವರೂ ನಿಂತುಬಿಟ್ಟರು. ಬೆಳಿಗ್ಗೆ ಒಣಗಿ ನಿಂತಿದ್ದ ಬಂಡೆ ಕಾಣಿಸಲೇ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಬಿಳಿ ನೀರು. ಒಡ್ಡಿನ ಹಿಂದೆ ತಿಂಗಳಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಬಿಡುಗಡೆಯಾಗಿ, ಬಂಡೆಯ ಮೊದಲ ಮೆಟ್ಟಿಲಿಗೆ ಬಡಿದು, ಎರಡಾಗಿ, ಮತ್ತೆ ಕೂಡಿ, ಬುಡದಲ್ಲಿ ಹೊಗೆಯಾಗುತ್ತಿತ್ತು. ಆ ಹೊಗೆಯಲ್ಲಿ ಹತ್ತು ಗಂಟೆಯ ಬಿಸಿಲು ಹೊಕ್ಕು ಒಂದು ತುಂಡು ಕಾಮನಬಿಲ್ಲು ನಡುಗುತ್ತಿತ್ತು. ಬೆಳಗಿನ ಕಪ್ಪೆಯ ಸುಳಿವಿರಲಿಲ್ಲ. ಪಾಪ, ಅದಕ್ಕೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ.

ಮೇಡಂ ಬಾಯಿ ತೆರೆದು ಏನೋ ಹೇಳಿದರು. ಕೇಳಲಿಲ್ಲ. ಮಾಬ್ಲೇಶ್ವರನೂ ಬಾಯಿ ತೆರೆದು ನಿಂತಿದ್ದ. ಇಷ್ಟು ಚಂದದ್ದು ತನ್ನ ತಲೆಯ ಮೇಲೇ ಇತ್ತೇ, ಇದನ್ನೇ ತಾವೆಲ್ಲ ಸೇರಿ ಬಚ್ಚಲಿಗೆ ಬಿಟ್ಟುಕೊಂಡಿದ್ದೇ ಎಂದು ಒಂದು ಗಳಿಗೆ ಭಟ್ಕಳವೂ ಮರೆತುಹೋಯಿತು.

ಕೇರಿಯವರೂ ಅಲ್ಲೇ ಇದ್ದರು. ಪೈಪು ಬಚ್ಚಿಟ್ಟು ಮನೆಗೆ ಹೋಗಬೇಕಾದವರು, ಸದ್ದು ಕೇಳಿ ನೋಡಲು ಬಂದು, ಬಂಡೆಗಳ ಮೇಲೆ ಸಾಲಾಗಿ ಕೂತಿದ್ದರು. ಮೇಡಂ ಅವರನ್ನು ಕಂಡೊಡನೆ ಎಲ್ಲರೂ ಎದ್ದು ಕೈಮುಗಿದರು. ಮೇಡಂ ಖುಷಿಯಿಂದ ತಿರುಗಿ ಕೈಮುಗಿದರು. ಗಣಪಿ ತಲೆ ಬಗ್ಗಿಸಿ ಒಂದು ಎಳನೀರು ಕೊಟ್ಟಳು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಈ ಸದ್ದು ಇರುವವರೆಗೆ ತನ್ನ ಎರಡು ಸುಳ್ಳುಗಳೂ ಒಂದನ್ನೊಂದು ಮುಟ್ಟದೆ ಬದುಕುತ್ತವೆ ಎಂದು ಮಾಬ್ಲೇಶ್ವರನಿಗೆ ಸಮಾಧಾನವಾಯಿತು.

ಆಗ ದೇವಪ್ಪ ಹತ್ತಿರ ಬಂದು ಅವನ ಕಿವಿಗೆ ಬಾಯಿಟ್ಟು ಕೂಗಿದ. "ಹೆದರಬ್ಯಾಡ. ಎಲ್ಲಾ ಪೈಪು ಸುತ್ತಿ ನಿನ್ನ ಕೊಟ್ಟಿಗೇಲಿ ತುಂಬಿದ್ದೋ. ಪೊದೆಯಲ್ಲಿದ್ದ ನಿಂದೂ ಸಿಕ್ತು, ಅದನ್ನೂ ಹಾಕಿದ್ದೋ."

"ನನ್ನ ಕೊಟ್ಟಿಗೇಲಿ ಎಂತಕ್ಕೆ?"

"ಅಮ್ಮೋರು ನಿನ್ನ ಗುರುತಿನವರಲ್ಲ? ಚಾ ಕುಡಿದ ಮನೇಲಿ ಯಾರು ಜಪ್ತಿ ಮಾಡ್ತ್ರು?" ದೇವಪ್ಪನ ಮುಖದಲ್ಲಿ ತನ್ನ ಬುದ್ಧಿಗೆ ತಾನೇ ಮೆಚ್ಚಿದ ಕಳೆ ಇತ್ತು.

ಮಾಬ್ಲೇಶ್ವರನ ಬೆನ್ನಿಗೆ ಅಬ್ಬಿಯ ನೀರಿಗಿಂತ ತಣ್ಣಗಿನದೇನೋ ಇಳಿಯಿತು. ಹೇಗಾದರೂ ಇವರನ್ನು ಇಲ್ಲಿಂದಲೇ ಕಾರು ಹತ್ತಿಸಬೇಕು. ಆದರೆ ಮೇಡಂ ಕೈಸನ್ನೆ ಮಾಡುತ್ತಿದ್ದರು. ಕೊಡ ತುಂಬಿ ಹೆಗಲಿಗೆ ಇಡಿ, ಮನೆಯವರೆಗೆ ಹೊತ್ತು ತೋರಿಸಿ ಎಂಬುದು ಸನ್ನೆಯ ಅರ್ಥ. ಹೇಗೆ ಹೊರುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ ನೋಡಬೇಕಂತೆ.

ಕೊಡ ತುಂಬಿ ಹೆಗಲಿಗೇರಿಸಿದ. ಮೆರವಣಿಗೆ ಇಳಿಯಿತು. ಮುಂದೆ ಮಾಬ್ಲೇಶ್ವರ, ಮದ್ದಲೆ ಹೊತ್ತ ಒಂಟೆಯಂತೆ ಓಲಾಡುತ್ತ. ಹಿಂದೆ ಮೇಡಂ, ಉಮೇಶ, ಅವರ ಹಿಂದೆ ಕೇರಿಗೆ ಕೇರಿ. ಹೆಜ್ಜೆಗೊಮ್ಮೆ ನೀರು ಕಿವಿಯೊಳಗೆ ಹೋಯಿತು, ಕೊರಳಿಗೆ ಹೋಯಿತು, ಮೊಣಕಾಲಿಗೆ ಹೋಯಿತು.

"ದಿನಕ್ಕ ಎಷ್ಟು ಕೊಡ ರೀ?" ಸದ್ದು ಕಡಿಮೆಯಾದಲ್ಲಿ ಮೇಡಂ ಕೇಳಿದರು.

"ಹತ್ತು," ಎಂದ, ಉಸಿರಿಲ್ಲದೆ.

"ಹತ್ತು!" ಎಂದು ಹಿಂದಿನಿಂದ ಗಣಪಿ ಉದ್ಗರಿಸಿದಳು. ಆಮೇಲೆ ಫಾರೆಸ್ಟಿನ ಅಮ್ಮೋರು ಕೇಳಿದ್ದೆಂದು ನೆನಪಾಗಿ, "ಹೌದೌದು, ಹತ್ತು. ನಾವೆಲ್ಲರೂ ಹತ್ತೇ. ಪೈಪು ಗೀಪು ನಮಗೆ ಗೊತ್ತೇ ಇಲ್ಲ ಅಮ್ಮೋರೆ," ಎಂದಳು.

"ಪೈಪ್ ಬಗ್ಗೆ ನಾ ಕೇಳೇ ಇಲ್ಲಲ್ರೀ," ಎಂದರು ಮೇಡಂ, ಕುತೂಹಲದಿಂದ.

ಮನೆ ಮುಟ್ಟಿದಾಗ ಕೊಡದಲ್ಲಿ ಅರ್ಧ ನೀರಿತ್ತು. ಉಳಿದರ್ಧ ಮಾಬ್ಲೇಶ್ವರನ ಮೈಮೇಲಿತ್ತು. ಸರೋಜಾ ಬಾಗಿಲಲ್ಲಿ ಒಮ್ಮೆ ಎಡ ಸೊಂಟ, ಒಮ್ಮೆ ಬಲ ಸೊಂಟ ಹಿಡಿದು ನಿಂತಿದ್ದಳು. ಅಂಗಳದಾಚೆ ಕೊಟ್ಟಿಗೆ. ಹಸು ಮಾರಿದ ಮೇಲೆ ಖಾಲಿಯಿದ್ದ ಆ ಕೊಟ್ಟಿಗೆಯ ಹಲಗೆ ಬಾಗಿಲು ಈಗ ಉಂಡು ಮಲಗಿದವನ ಹೊಟ್ಟೆಯಂತೆ ಹೊರಗೆ ಉಬ್ಬಿತ್ತು. ಮಾಬ್ಲೇಶ್ವರ ಅದಕ್ಕೆ ಬೆನ್ನು ಕೊಟ್ಟು ನಿಂತ.

ಮೇಡಂ ಮನೆಯೆಲ್ಲ ನೋಡಿದರು. ಬಚ್ಚಲಿನಲ್ಲಿ ನಿಂತು, "ತೊಟ್ಟಿ ತುಂಬಿ ತುಳುಕಾಕತ್ತೇತಲ್ರೀ," ಎಂದರು. "ಇವತ್ತಿನ ಕೊಡ ಈಗ ಬಂತು, ಹೌದಿಲ್ಲೋ?"

"ನಿನ್ನೆದು ಉಳಿದಿತ್ತು ಮೇಡಂ."

"ಈ ಗೋಡ್ಯಾಗ ತೂತು ಯಾಕ? ಸುತ್ತಲೂ ಪಾಚಿ ಅದ."

"ಗಾಳಿ ಬರೂಕೆ."

"ಪಾಚಿ?"

"ಗಾಳಿ ಸ್ವಲ್ಪ ಒದ್ದೆ ಇರ್ತದೆ ಮೇಡಂ. ಸಮುದ್ರ ಹತ್ತಿರ ಅಲ್ಲ?"

ಮೇಡಂ ತಲೆಯಾಡಿಸಿದರು. ನಂಬಿದರೋ, ಇನ್ನೂ ಕೇಳಲಿದ್ದರೋ ಗೊತ್ತಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅಂಗಳದಿಂದ ಉಮೇಶನ ದನಿ ಕೇಳಿತು. "ಮಾಬ್ಲೇಶ್ವರಣ್ಣ, ಕೊಟ್ಟಿಗೇಲಿ ಎಂತ ಕಟ್ಟಿದ್ದೆ? ಆನೆಯಾ?"

"ಅಗುಳಿ ಮುಟ್ಟಬ್ಯಾಡ," ಎಂದು ಮಾಬ್ಲೇಶ್ವರ ಓಡಿಬಂದ. ಉಮೇಶ ಆಗಲೇ ಮುಟ್ಟಿದ್ದ.

ಕಪ್ಪು ಪೈಪನ್ನು ಸುತ್ತಿ ಕಟ್ಟಿದವರಿಗೆ ಗೊತ್ತು, ಅದಕ್ಕೆ ನೇರ ಮಲಗುವುದೊಂದೇ ಆಸೆ. ಕೇರಿಯವರು ಅವಸರದಲ್ಲಿ ಬಳ್ಳಿಯಿಂದ ಕಟ್ಟಿದ್ದರು. ಬಾಗಿಲು ತೆರೆದದ್ದೇ ತಡ, ಒಳಗಿನದೆಲ್ಲ ಬುಸ್ಸೆಂದು ಹೊರಗೆ ಬಂತು. ಮೊದಲ ಸುರುಳಿ ಉಮೇಶನನ್ನು ಬಸಳೆ ಹಿತ್ತಲಿಗೆ ಕಳಿಸಿತು. ಎರಡನೆಯದು ಕೊಡಕ್ಕೆ ಬಡಿದು ಉಳಿದರ್ಧ ನೀರನ್ನೂ ಚೆಲ್ಲಿತು. ಇನ್ನುಳಿದವು ಅಂಗಳದ ತುಂಬ ಹೆಬ್ಬಾವಿನಂತೆ ಹರಿದಾಡಿ, ತಮ್ಮ ಹೊಟ್ಟೆಯಲ್ಲಿ ಉಳಿದಿದ್ದ ನೀರನ್ನು ಸಿಕ್ಕಸಿಕ್ಕವರ ಮೇಲೆ ಉಗುಳಿ, ಕೊನೆಗೆ ಮೇಡಂ ಕಾಲಬಳಿ ಬಂದು ನಿಂತವು.

ಮೇಡಂ ಒಂದು ಪೈಪನ್ನು ಚಪ್ಪಲಿಯ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಇವು ಯಾರವು ರೀ?" ಎಂದರು ಮೇಡಂ.

ದೇವಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಅವಂದು," ಎಂದ, ಮಾಬ್ಲೇಶ್ವರನಿಗೆ ಬೆರಳು ಮಾಡಿ.

"ಎಲ್ಲಾ ಅವಂದೇ ಅಮ್ಮೋರೆ," ಎಂದಳು ಗಣಪಿ. "ನಾನು ಈ ಜಾತಿ ಸಾಮಾನು ಇವತ್ತೇ ಕಂಡದ್ದು. ಎಂತದಿದು, ತಿನ್ನೂದಾ?"

"ಅವಂದೇ, ಅವಂದೇ," ಎಂದಿತು ಕೇರಿ. ಬೆಳಿಗ್ಗೆ ಒಂದು ಮಾತಿಗೆ ಒಟ್ಟಾಗದವರು ಈಗ ಭಜನೆಯವರಂತೆ ಒಂದೇ ಸ್ವರದಲ್ಲಿದ್ದರು.

ಮಾಬ್ಲೇಶ್ವರನ ತಲೆಗೆ ರಕ್ತವೇರಿತು. ಇವು ನಿಮ್ಮವೇ ಎಂದರೆ ಕೇರಿಯವರು ಫಾರೆಸ್ಟಿನ ಮಾತೆತ್ತುತ್ತಾರೆ, ಆ ಸುಳ್ಳು ಬಯಲಾಗುತ್ತದೆ. ನನ್ನದು ಎಂದರೆ ಭಟ್ಕಳ. "ನನ್ನದಲ್ಲ," ಎಂದು ಗುಡ್ಡಕ್ಕೆ ಕೇಳುವಂತೆ ಕೂಗಿದ. "ಇದರಲ್ಲಿ ಒಂದೂ ನನ್ನದಲ್ಲ. ದೇವರಾಣೆ ಅಲ್ಲ. ನನಗೆ ಪೈಪೇ ಇಲ್ಲ. ಎಲ್ಲರೂ ಕೇಳ್ಕಣಿ, ನನಗೆ ಪೈಪಿಲ್ಲ."

ಮೇಡಂ ಬಗ್ಗಿ ಪೈಪುಗಳನ್ನು ಒಂದೊಂದಾಗಿ ನೋಡಿದರು. ಸಿಟ್ಟಿನಿಂದಲ್ಲ, ಒಣಮೀನು ನೋಡಿದ ಹಾಗೆಯೇ. ಹಸಿರು ಟವೆಲು ನೋಡಿದರು. ಕೆಂಪು ಸೆರಗು ನೋಡಿದರು. ಒಂದರ ಬಳಿ ಕುಳಿತು, ಅದರ ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ, ಕೊಡವಿ, ಬಿಸಿಲಿಗೆ ಹಿಡಿದರು. ನೀಲಿ ಗೀಟಿನ ಅಂಗಿಯ ತೋಳು. ಗುಂಡಿಯೂ ಇತ್ತು.

"ಈ ಅಂಗಿ ನಾ ನೋಡೇನ್ರೀ," ಎಂದರು. "ನಾ ಕುಮಟಾಕ್ಕ ಬಂದ ಮೊದಲನೇ ವಾರ ನೀವು ಇದನ್ನ ಹಾಕ್ಕೊಂಡಿದ್ರಿ. ಮೊಣಕೈ ಹತ್ರ ಶಾಯಿ ಕಲೆ ಇತ್ತು. ನೋಡ್ರಿ, ಇಲ್ಲೇ ಅದ."

ಬಸಳೆ ಹಿತ್ತಲಿನಿಂದ ಉಮೇಶ ನಕ್ಕದ್ದು ಕೇಳಿತು.

ಮೇಡಂ ಆ ತೋಳನ್ನು ಮಡಚಿ ಮಾಬ್ಲೇಶ್ವರನ ಕೈಗಿತ್ತರು. ಸರೋಜಾ ಬಡಿಸಿದ ಸಿಗಡಿ ಸಾರು ಉಂಡರು, ಸಿಗಡಿಗೆ ಎಷ್ಟು ಕಾಲು ಎಂದು ಕೇಳಿದರು, ನಿಮ್ಮ ಸೊಂಟ ಯಾವ ಕಡೆ ನೋಯುತ್ತದೆ ಎಂದು ಕೇಳಲಿಲ್ಲ. ಮಾಬ್ಲೇಶ್ವರ ಕಾರಿನವರೆಗೆ ಅವರ ಹಿಂದೆ ನಡೆದ. ಕಾರಿನ ಬಾಗಿಲು ತೆರೆದು ಅವರು ಒಂದು ಗಳಿಗೆ ನಿಂತರು.

"ಒಂದು ಮಾತು ಹೇಳ್ತೀನಿ. ಉಮೇಶ್ ಅವರ ತಾಯೀನ ನಾ ಸಂತಿಯೊಳಗ ನೋಡೇನಿ. ಏನ್ ಓಡ್ತಾರ್ರೀ ಅವ್ರು! ಅದಕ್ಕ ನಿನ್ನೆನೇ ಉಮೇಶ್ ಹೆಸರಿಗೆ ಆರ್ಡರ್ ಬರೆದಿಟ್ಟಿದ್ದೆ. ನಿಮ್ಮ ಮಾತು ನಾ ಪೂರಾ ನಂಬಿದ್ದೆ. ಇವತ್ತು ಬಂದಿದ್ದು ಬರೀ ಜಲಪಾತ ನೋಡಾಕ."

ಮಾಬ್ಲೇಶ್ವರ ಕಾರಿನ ಮೇಲೆ ಕೈ ಊರಿದ. "ನಿನ್ನೆಯೇ ಬರೆದಿದ್ರಾ?"

"ಹೌದ್ರಿ. ಅಲ್ಲಿ ನೀರು ಇರದಿದ್ರೂ ನಾ ಏನೂ ಅಂತಿರ್ಲಿಲ್ಲ. ಡಿಸೆಂಬರ್‌ದಾಗ ನೀರು ಕಮ್ಮಿ ಇರ್ತಾವ, ಗೊತ್ತಿಲ್ಲೇನು ನಮಗ?" ಮೇಡಂ ಕಾರಿನೊಳಗೆ ಕುಳಿತರು. "ಆದ್ರ ಈಗ ಬದಲು ಮಾಡ್ಬೇಕಾತು. ತಾಯಿ ಕಾಲಿನ ಮ್ಯಾಲೆ ಸುಳ್ಳು ಹೇಳೋರು ಕುಮಟಾದಾಗ ಇರ್ಲಿ. ರಾತ್ರಿ ಬೆಳಗಾಗೋದ್ರಾಗ ಊರಿನ ಪೈಪ್ ಕೀಳಿಸಿ ಒಂದು ಜಲಪಾತ ಎಬ್ಬಿಸಿ ನಿಲ್ಲಿಸೋರು ಸಣ್ಣ ಮನುಷ್ಯಾ ಅಲ್ಲ. ಭಟ್ಕಳದ ಬ್ರಾಂಚಿಗೆ ಇಂಥವರ ಬೇಕು. ನಾಳೆಯಿಂದನೇ ಹೋಗ್ರಿ."

ಕಾರು ಹೋಯಿತು. ಬೈಕಿನ ಮೇಲೆ ಬಸಳೆ ಎಲೆ ಅಂಟಿದ ಬೆನ್ನಿನ ಉಮೇಶನೂ ಹೋದ. ಹೋಗುವಾಗ ಅಮ್ಮನ ಕಾಲಿಗೆ ಎಣ್ಣೆ ತಗೊಳ್ಳಬೇಕು ಎಂದು ಹೇಳಿ ಹೋದ.

ಮಾಬ್ಲೇಶ್ವರ ಹೆದ್ದಾರಿಯ ಅಂಗಡಿಯಲ್ಲಿ ಕೂತು, ಒಂದರ ಮೇಲೊಂದು ಚಾ ಕುಡಿದು, ಸಿಟ್ಟು ಇಳಿಸಿಕೊಂಡು ಮನೆಗೆ ಬಂದಾಗ ಸಂಜೆಯಾಗಿತ್ತು. ಅಂಗಳ ಖಾಲಿಯಿತ್ತು. ಕೊಟ್ಟಿಗೆಯೂ ಖಾಲಿಯಿತ್ತು. ಪಕ್ಕದ ಮನೆಯಲ್ಲಿ ಎಮ್ಮೆಯ ಮೇಲೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಎಲ್ಲರೂ ಅವರವರ ಗುರುತು ನೋಡಿ ತಕಂಡು ಹೋದ್ರು," ಎಂದಳು ಸರೋಜಾ. "ಗುರುತಿಲ್ಲದ್ದೊಂದು ಉಳಿದಿತ್ತು. ಅದು ನಮ್ಮದು ಅಂದೆ. ದೇವಪ್ಪ ಕೇಳಲಿಲ್ಲ. ಅವಂದು ಗಿಡ್ಡ ಆಗಿತ್ತಂತೆ, ಅದಕ್ಕೆ ಸೇರಿಸಿಕಂಡ."

ಮಾಬ್ಲೇಶ್ವರ ಒಂದೇ ನೆಗೆತಕ್ಕೆ ದೇವಪ್ಪನ ಅಂಗಳದಲ್ಲಿದ್ದ. "ನನ್ನ ಪೈಪು ಕೊಡು."

"ಯಾವ ಪೈಪು?" ದೇವಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಫಾರೆಸ್ಟಿನ ಅಮ್ಮೋರ ಎದುರಿಗೆ ದೇವರ ಆಣೆ ಹಾಕಿ ಪೈಪಿಲ್ಲ ಅಂದವ ನೀನು. ಇಡೀ ಕೇರಿ ಕೇಳ್ಯದೆ. ದೇವರ ಆಣೆ ಹಾಕಿದ ಮೇಲೆ ನಾನು ನಿಂಗೆ ಪೈಪು ಕೊಟ್ರೆ ಪಾಪ ಯಾರಿಗೆ ಬರೂದು?"

ಗಣಪಿ ಬೇಲಿಯಾಚೆಯಿಂದ ಇಣುಕಿದಳು. "ತಮಾ, ನೀನಿದ್ದದ್ದಕ್ಕೆ ಕೇರಿ ಉಳೀತು. ಅಮ್ಮೋರು ನಿನ್ನ ಮೋರೆ ನೋಡಿ ಒಂದು ಪೈಪೂ ಮುಟ್ಟಲಿಲ್ಲ. ಮುಂದಿನ ಸಲ ಬರುವಾಗ ಒಂದು ದಿನ ಮುಂಚೆ ಹೇಳು, ಆತಾ?"

ಅವರು ಫಾರೆಸ್ಟಿನವರಲ್ಲ ಎಂದು ಹೇಳಲು ಬಾಯಿ ತೆರೆದ. ಒಡ್ಡು ಒಡೆದ ಹಾರೆ ಗಣಪಿಯ ಕೈಯಲ್ಲೇ ಇತ್ತು. ಮುಚ್ಚಿದ.

ಸೋಮವಾರ ಇನ್ನೂ ಕತ್ತಲಿದ್ದಾಗ ಮಾಬ್ಲೇಶ್ವರ ಸ್ಟೀಲಿನ ಕೊಡ ಹಿಡಿದು ಕೆಪ್ಪಬ್ಬಿಯ ಬುಡದಲ್ಲಿ ಕೂತಿದ್ದ. ಬಚ್ಚಲ ತೊಟ್ಟಿ ನಿನ್ನೆ ಅಂಗಳದ ಕೆಸರು ತೊಳೆಯುವುದರಲ್ಲೇ ಬರಿದಾಗಿ, ಬೆಳಗಿನ ಚಾಕ್ಕೂ ಮನೆಯಲ್ಲಿ ನೀರಿರಲಿಲ್ಲ. ಮೇಲೆ ಒಡ್ಡು ಮತ್ತೆ ಎದ್ದಿತ್ತು, ಪೈಪುಗಳು ಮತ್ತೆ ಬಾಯಿ ಇಟ್ಟಿದ್ದವು, ಬಂಡೆಯ ಮೇಲೆ ಅದೇ ಜೊಲ್ಲಿನ ಗೆರೆ ಇಳಿಯುತ್ತಿತ್ತು. ಕಪ್ಪೆ ತನ್ನ ಜಾಗಕ್ಕೆ ಮರಳಿತ್ತು. ಕೊಡ ಬಂಡೆಗೆ ಒತ್ತಿ ಹಿಡಿದರೆ ಒಂದು ಹನಿ ಬಿದ್ದು, ಇನ್ನೊಂದು ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಬೆಳಕು ಹರಿಯಿತು. ದೂರದಲ್ಲಿ ಭಟ್ಕಳದ ಕಡೆಗೆ ರೈಲು ಹೋದ ಸದ್ದು ಬಂದು, ಮುಗಿಯಿತು. ಕೊಡದ ತಳ ಆಗಷ್ಟೇ ಮುಚ್ಚಿತ್ತು.

ತಡೆಯಲಾರದೆ ಫೋನು ತೆಗೆದು ಮೇಡಂಗೆ ಹಚ್ಚಿದ.

"ಮೇಡಂ, ಈಗ ಖರೇನೇ ನನ್ನ ಮನೇಲಿ ನೀರಿಲ್ಲ. ಪೈಪು ಹೋತು. ಅಬ್ಬಿಯಲ್ಲೇ ಕೂತಿದ್ದೆ, ಕೊಡ ಹಿಡ್ಕಂಡು. ಇದು ತುಂಬೂಕೇ ಎಂಟು ಗಂಟೆ ಆಗ್ತದೆ. ನಾನು ಭಟ್ಕಳಕ್ಕೆ ಹೋಗೂದು ಹೆಂಗೆ?"

ಆ ಕಡೆಯಿಂದ ಮೇಡಂ ದನಿ ಬಂತು, ಉತ್ಸಾಹದಿಂದ.

"ಹೌದೇನ್ರೀ? ಅಂದ್ರ ಕೊಡ ಈಗ ಹೆಂಗ ತುಂಬತದ? ಅದನ್ನ ನಾ ನೋಡ್ಬೇಕಲ್ರೀ. ಇವತ್ತು ಭಟ್ಕಳಕ್ಕ ಹೋಗಿ ಬರ್ರಿ. ಬರೋ ರವಿವಾರ ನಾ ಬರ್ತೀನಿ. ಈ ಸಲ ನಮ್ಮ ಆಫೀಸಿನವರನ್ನೂ ಕರ್ಕೊಂಡು ಬರ್ತೀನಿ."

"ಬ್ಯಾಡ ಮೇಡಂ," ಎಂದ ಮಾಬ್ಲೇಶ್ವರ, ಬಂಡೆಯನ್ನೊಮ್ಮೆ ನೋಡಿ. "ಇಲ್ಲಿ ನೋಡೂಕೆ ಎಂತದೂ ಇಲ್ಲ."

"ಸುಮ್ನಿರ್ರಿ," ಎಂದು ಮೇಡಂ ನಕ್ಕರು. "ನಾ ಕಣ್ಣಾರೆ ನೋಡಿಲ್ಲೇನು?"